ಹೆನ್ರಿಯ ಕತ್ತಿಗೆ ಕಂಸಾಳೆಯ ಕಿವಿ ಬೇಕು

ನಮ್ಮ ಹಾಸ್ಟೆಲ್‌ನಲ್ಲಿ 'ಕಿಂಗ್‌ಡಮ್ ಕಮ್: ಡೆಲಿವರೆನ್ಸ್' ಆಡಿದವರಲ್ಲಿ ಎರಡು ಪಕ್ಷ. ಕೊಳ್ಳೇಗಾಲದ ಗೆಳೆಯನದು ಒಂದು ಪಕ್ಷ. "ಏನ್ಲಾ ಇದು, ಕತ್ತಿ ಬೀಸಿದ್ರೆ ಎಮ್ಮೆ ಬಾಲ ಬೀಸ್ದಂಗದ. ಇದ್ನ ಫೈಟು ಅಂತಾರಾ?" ಅನ್ನುವುದು ಅವನ ವಾದ. ಯಳಂದೂರಿನವನದು ಇನ್ನೊಂದು ಪಕ್ಷ. "ನಿಂಗೆ ಆಡಕ್ಕೆ ಬರಲ್ಲ ಅನ್ನು. ಕುಣೀಲಾರ್ದವ್ನು ನೆಲ ಡೊಂಕು ಅಂದ್ನಂತೆ. ನಿಜವಾದ ಕತ್ತಿ ಫೈಟು ಇರದೇ ಇಂಗೆ ಕನ್ಲಾ" ಅನ್ನುವುದು ಅವನ ಉತ್ತರ. ನಾನು ಹನೂರು ಕಡೆಯವನು, ಇಬ್ಬರ ಲ್ಯಾಪ್‌ಟಾಪ್‌ನಲ್ಲೂ ಆಡಿದವನು. ಇಬ್ಬರೂ ಅರ್ಧರ್ಧ ಸರಿ ಅನ್ನುವುದು ನನ್ನ ಅಭಿಪ್ರಾಯ. ಯಾವ ಅರ್ಧ ಸರಿ, ಯಾವ ಅರ್ಧ ತಪ್ಪು ಅಂತ ಬಿಡಿಸಿ ಹೇಳೋಕೆ ಈ ಬರಹ.

ನನ್ನ ಮಾತನ್ನ ಮೊದಲೇ ಹೇಳಿಬಿಡ್ತೀನಿ. ಈ ಗೇಮಿನ ಮೆಲೇ ಕಾಂಬ್ಯಾಟ್, ಅಂದರೆ ಕೈಗೆಟುಕುವ ದೂರದಲ್ಲಿ ನಿಂತು ಹೊಡೆದಾಡುವ ಫೈಟ್, ಒಬ್ಬನ ಎದುರು ಒಬ್ಬ ನಿಂತಾಗ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಾಲ್ಕು ಜನ ಸುತ್ತಿಕೊಂಡ ಕೂಡಲೇ ಕೈಕೊಡುತ್ತದೆ. ಯಾಕೆಂದರೆ ಅದು ಆಡುವವನ ಕಣ್ಣನ್ನು ಮಾತ್ರ ನಂಬಿಕೊಂಡಿದೆ. ಕಿವಿಗೆ, ಮೈಗೆ ಅಂತ ಕೆಲಸವನ್ನೇ ಕೊಟ್ಟಿಲ್ಲ. ಈ ಕೊರತೆ ನಮ್ಮ ಕಡೆಯ ಬೀಸು ಕಂಸಾಳೆ ನೋಡಿ ಬೆಳೆದವರಿಗೆ ಬೇರೆಯವರಿಗಿಂತ ಬೇಗ ಕಾಣುತ್ತದೆ. ಹಾಗಾಗಿ ಇದನ್ನು ಸರಿಪಡಿಸುವ ಐಡಿಯಾ ಕೂಡ ನಮ್ಮಿಂದಲೇ ಬರಬಹುದು.

ಗೇಮ್ ಆಡದವರಿಗೆ ಎರಡು ಮಾತು

ಪ್ರಾಗ್ ನಗರದ ವಾರ್‌ಹಾರ್ಸ್ ಸ್ಟುಡಿಯೋಸ್ ಮಾಡಿದ ಈ ಗೇಮ್ ಬಂದದ್ದು 2018ರ ಫೆಬ್ರುವರಿಯಲ್ಲಿ. ಎರಡನೇ ಭಾಗ ಬಂದದ್ದು 2025ರ ಫೆಬ್ರುವರಿಯಲ್ಲಿ. ಕಥೆ ನಡೆಯುವುದು 1403ರ ಬೊಹೀಮಿಯಾದಲ್ಲಿ, ಅಂದರೆ ಇವತ್ತಿನ ಚೆಕ್ ದೇಶದಲ್ಲಿ. ಕಾಲದ ಅಂದಾಜು ಬೇಕಾದರೆ, ಆ ವರ್ಷ ನಮ್ಮ ವಿಜಯನಗರದಲ್ಲಿ ಇಮ್ಮಡಿ ಹರಿಹರನ ಆಳ್ವಿಕೆ ಇನ್ನೂ ಮುಗಿದಿರಲಿಲ್ಲ. ಮೈಸೂರಿನಲ್ಲಿ ಯದುರಾಯ 1399ರಲ್ಲಿ ಪಟ್ಟಕ್ಕೆ ಬಂದ ಅಂತ ಪರಂಪರೆ ಹೇಳುತ್ತದೆ. ಅದರ ಪ್ರಕಾರ ಅವನು ಅರಸನಾಗಿ ಆಗಿನ್ನೂ ನಾಲ್ಕೇ ವರ್ಷ.

ಗೇಮಿನಲ್ಲಿ ಡ್ರ್ಯಾಗನ್ ಇಲ್ಲ, ಮಂತ್ರ ಇಲ್ಲ, ಆಯ್ದು ಬಂದ ಮಹಾವೀರನೂ ಇಲ್ಲ. ಹೀರೋ ಹೆನ್ರಿ ಒಬ್ಬ ಕಮ್ಮಾರನ ಮಗ. ಅವನಿಗೆ ಓದು ಬರಹ ಬರಲ್ಲ. ಪುಸ್ತಕ ತೆರೆದರೆ ಅಕ್ಷರಗಳು ಕಲಸುಮೇಲೋಗರ ಆಗಿ ಕಾಣುತ್ತವೆ. ಕತ್ತಿ ಹಿಡಿಯೋಕೂ ಬರಲ್ಲ. ಗೇಮಿನ ಶುರುವಿನಲ್ಲೇ ಅಪ್ಪ ಅವನನ್ನು ಊರಿನ ಕುಡುಕನೊಬ್ಬನ ಹತ್ತಿರ ಬಾಕಿ ವಸೂಲಿಗೆ ಕಳಿಸುತ್ತಾನೆ. ಮಾತಿಗೆ ಮಾತು ಬೆಳೆದು ಕೈ ಮಿಲಾಯಿಸಿದರೆ, ಹೊಸದಾಗಿ ಆಡುವವರಲ್ಲಿ ಬಹಳಷ್ಟು ಜನರ ಹೆನ್ರಿ ಒದೆ ತಿಂದು ನೆಲಕ್ಕೆ ಬೀಳುತ್ತಾನೆ. ಸ್ಕೈರಿಮ್, ವಿಚರ್ 3 ಆಡಿ ಬಂದವರಿಗೆ ಇದು ದೊಡ್ಡ ಅವಮಾನ. ಅಲ್ಲಿ ಮೊದಲ ಅರ್ಧ ಗಂಟೆಯಲ್ಲೇ ನೀವು ತೋಳವನ್ನೋ ದೆವ್ವವನ್ನೋ ಕಡಿದು ಹಾಕಿರುತ್ತೀರಿ.

ಫೈಟ್ ಹೇಗೆ ನಡೆಯುತ್ತದೆ ಅಂದರೆ, ಎದುರಾಳಿಯ ಮೇಲೆ ಲಾಕ್ ಆದ ತಕ್ಷಣ ಪರದೆಯ ನಡುವೆ ಒಂದು ನಕ್ಷತ್ರದ ಗುರುತು ಬರುತ್ತದೆ. ಮೌಸ್ ಸರಿಸಿ ಐದು ದಿಕ್ಕುಗಳಲ್ಲಿ ಒಂದನ್ನು ಆರಿಸಿಕೊಂಡು ಬೀಸಬಹುದು, ಇಲ್ಲವೇ ತಿವಿಯಬಹುದು. ಪ್ರತಿ ಏಟಿಗೂ, ಪ್ರತಿ ತಡೆಗೂ ಸ್ಟ್ಯಾಮಿನಾ ಖರ್ಚು. ಏಟು ಬಿದ್ದು ಜೀವ ಕುಗ್ಗಿದಂತೆ ಸ್ಟ್ಯಾಮಿನಾದ ಮಿತಿಯೂ ಕುಗ್ಗುತ್ತದೆ. ಎದುರಾಳಿಯ ಏಟು ಬರುವ ಸರಿಯಾದ ಕ್ಷಣದಲ್ಲಿ ಹಸಿರು ಗುರಾಣಿಯ ಚಿಹ್ನೆ ಮಿಂಚುತ್ತದೆ. ಆಗ ಬ್ಲಾಕ್ ಒತ್ತಿದರೆ ಪರ್ಫೆಕ್ಟ್ ಬ್ಲಾಕ್. ಬರ್ನಾರ್ಡ್ ಎಂಬ ಕ್ಯಾಪ್ಟನ್ ಹತ್ತಿರ ತಾಲೀಮು ಮಾಡಿದ ಮೇಲೆ ಅದೇ ಬ್ಲಾಕ್ 'ಮಾಸ್ಟರ್ ಸ್ಟ್ರೈಕ್' ಆಗುತ್ತದೆ. ಅಂದರೆ, ತಡೆದ ಕೈಯಲ್ಲೇ ತಿರುಗೇಟು.

ಸರಿಯಾಗಿ ಕೆಲಸ ಮಾಡುವ ಅರ್ಧ

ಮೊದಲು ಯಳಂದೂರಿನವನ ಪರವಾಗಿ ಮಾತಾಡ್ತೀನಿ. ಈ ಗೇಮ್ ಕಲಿಕೆಯನ್ನು ತೋರಿಸುವ ರೀತಿಯಲ್ಲಿ ಬೇರೆ ಗೇಮುಗಳು ಮಾಡದ ಕೆಲಸ ಮಾಡಿದೆ. ಸಾಮಾನ್ಯ ಆರ್‌ಪಿಜಿಯಲ್ಲಿ ಲೆವೆಲ್ ಏರುವುದು ಪಾತ್ರದ್ದು. ನೀವು ಮೊದಲ ದಿನ ಒತ್ತಿದ ಬಟನ್ನನ್ನೇ ನೂರನೇ ಗಂಟೆಯಲ್ಲೂ ಒತ್ತುತ್ತಿರುತ್ತೀರಿ, ಡ್ಯಾಮೇಜಿನ ಅಂಕಿ ಮಾತ್ರ ದೊಡ್ಡದಾಗಿರುತ್ತದೆ. ಇಲ್ಲಿ ಹೆನ್ರಿಯೂ ಕಲಿಯಬೇಕು, ನೀವೂ ಕಲಿಯಬೇಕು. ಬರ್ನಾರ್ಡ್ ಎದುರು ಮರದ ಕತ್ತಿ ಹಿಡಿದು ಅರ್ಧ ಗಂಟೆ ಒದ್ದಾಡಿದವರಿಗೆ ಗೊತ್ತು, ಅಲ್ಲಿ ಬದಲಾಗುವುದು ಸ್ಕಿಲ್ ಪಾಯಿಂಟ್ ಒಂದೇ ಅಲ್ಲ. ಎದುರಿನವನ ಭುಜ ಯಾವ ಕಡೆ ಎತ್ತಿತು ಅಂತ ನೋಡುವ ಅಭ್ಯಾಸ ನಿಮಗೇ ಬಂದಿರುತ್ತದೆ.

ಗರಡಿಮನೆ ನೋಡಿದವರಿಗೆ ಇದು ಹೊಸದಲ್ಲ. ಹೊಸ ಹುಡುಗನನ್ನು ಉಸ್ತಾದ್ ಮೊದಲ ದಿನವೇ ಕುಸ್ತಿಗೆ ಬಿಡುವುದಿಲ್ಲ. ಮಟ್ಟಿ ಹದ ಮಾಡು, ದಂಡ ಹೊಡಿ, ಬಸ್ಕಿ ತೆಗಿ ಅಂತಾರೆ. ಪಟ್ಟು ಕಲಿಸುವುದು ಆಮೇಲೆ. ಪಟ್ಟಿನ ಹೆಸರು ಗೊತ್ತಿದ್ದರೆ ಸಾಲದು, ಅದು ಮೈಗೆ ಹತ್ತಬೇಕು. ಹೆನ್ರಿಯ ಮೊದಲ ಹದಿನೈದು ಇಪ್ಪತ್ತು ಗಂಟೆ ಹೀಗೇ ಇದೆ. ಬೇಸರ ಬರುತ್ತದೆ ನಿಜ. ಆದರೆ ಆ ಬೇಸರದ ಆಚೆ ಮೊದಲ ಸಲ ಒಬ್ಬ ಡಕಾಯಿತನನ್ನು ಒಂದೂ ಏಟು ತಿನ್ನದೆ ಕೆಡವಿದಾಗ ಸಿಗುವ ಖುಷಿ ಇದೆಯಲ್ಲ, ಅದನ್ನು ಲೆವೆಲ್ ಅಪ್ ಸದ್ದು ಕೊಡಲಾರದು.

ಉಸಿರಿನ ಲೆಕ್ಕವೂ ಚೆನ್ನಾಗಿದೆ. ತಾಳುಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹತ್ತಿದವರಿಗೆ ನಾನು ಇದನ್ನು ವಿವರಿಸಬೇಕಾಗಿಲ್ಲ. ಮೊದಲ ಏರಿನಲ್ಲಿ ಜೋಶ್‌ನಲ್ಲಿ ಓಡಿದವನು ಅರ್ಧ ದಾರಿಯಲ್ಲಿ ಕಲ್ಲಿನ ಮೇಲೆ ಕೂತಿರುತ್ತಾನೆ. ನಿಧಾನಕ್ಕೆ 'ಉಘೇ ಮಾದಪ್ಪ' ಅಂತ ಹೆಜ್ಜೆ ಹಾಕಿದ ಅಜ್ಜಿ ಮುಂದೆ ಹೋಗಿರುತ್ತಾರೆ. ಹೆನ್ರಿಯ ಫೈಟ್ ಕೂಡ ಹಾಗೇ. ಮೌಸನ್ನು ಪಟಪಟ ಕುಟ್ಟಿದವನು ಮೂರನೇ ಏಟಿಗೆ ಏದುಸಿರು ಬಿಡುತ್ತಾನೆ, ನಾಲ್ಕನೆಯದಕ್ಕೆ ಸಾಯುತ್ತಾನೆ.

ಆಯುಧ ಮತ್ತು ಕವಚದ ಲೆಕ್ಕವೂ ಅಷ್ಟೇ ಪಕ್ಕಾ. ಸಿನಿಮಾಗಳಲ್ಲಿ ಕತ್ತಿ ಬೀಸಿದರೆ ಉಕ್ಕಿನ ಕವಚ ಬಾಳೆದಿಂಡಿನ ಹಾಗೆ ಕತ್ತರಿಸಿ ಹೋಗುತ್ತದೆ. ನಿಜದಲ್ಲಿ ಪ್ಲೇಟ್ ಕವಚವನ್ನು ಕತ್ತಿಯ ಅಲಗು ಸೀಳುವುದಿಲ್ಲ. ಸಂದಿ ಹುಡುಕಿ ತಿವಿಯಬೇಕು, ಇಲ್ಲವೇ ಗದೆಯಂಥ ಭಾರದ ಆಯುಧದಿಂದ ಜಜ್ಜಬೇಕು. ಈ ಗೇಮ್ ಪ್ರತಿ ಕವಚಕ್ಕೂ ಸೀಳು, ತಿವಿತ, ಜಜ್ಜುಗಳಿಗೆ ಬೇರೆ ಬೇರೆ ಅಂಕಿ ಇಟ್ಟಿದೆ. ಹೆಲ್ಮೆಟ್ಟಿನ ಮುಖಮುಚ್ಚಳ ಇಳಿಸಿದರೆ ತಲೆ ಉಳಿಯುತ್ತದೆ, ಆದರೆ ಜಗತ್ತೆಲ್ಲ ಒಂದು ಸಣ್ಣ ಸೀಳಿನಲ್ಲಿ ಕಾಣುತ್ತದೆ. ಒಂದು ಪಡೆಯಬೇಕಾದರೆ ಒಂದು ಬಿಡಬೇಕು. ನಾವು ಡಿಸೈನ್ ಕ್ಲಾಸಲ್ಲಿ ಟ್ರೇಡ್-ಆಫ್ ಅಂತ ಕಲಿಯುವ ಪಾಠ ಇಲ್ಲಿ ಕಣ್ಣಿಗೇ ಕಟ್ಟುತ್ತದೆ.

ಎಮ್ಮೆ ಬಾಲದ ದೂರು ಎಲ್ಲಿಂದ ಬಂತು

ಈಗ ಕೊಳ್ಳೇಗಾಲದವನ ದೂರಿಗೆ ಬರೋಣ. 'ನಿಜವಾದ ಕತ್ತಿ ಭಾರ ಇರುತ್ತೆ, ಅದಕ್ಕೇ ಗೇಮಲ್ಲಿ ನಿಧಾನ' ಅಂತ ಸಮರ್ಥಿಸುವವರು ಒಂದು ವಿಷಯ ಗಮನಿಸಬೇಕು. ಎರಡು ಕೈಯಲ್ಲಿ ಹಿಡಿಯುವ ಯೂರೋಪಿನ ಉದ್ದಕತ್ತಿಯ ತೂಕ ಹೆಚ್ಚೂಕಮ್ಮಿ ಒಂದೂವರೆ ಕಿಲೋ. ನಮ್ಮ ಲ್ಯಾಪ್‌ಟಾಪಿಗಿಂತ ಹಗುರ. ಅದರ ಭಾರದ ಕೇಂದ್ರವೂ ಹಿಡಿಯ ಹತ್ತಿರವೇ ಇರುವುದರಿಂದ ಕೈಯಲ್ಲಿ ಅದು ಚುರುಕಾಗಿಯೇ ತಿರುಗುತ್ತದೆ. ಮೈತುಂಬ ತೊಡುವ ಪ್ಲೇಟ್ ಕವಚ 20ರಿಂದ 25 ಕಿಲೋ, ಅದೂ ಮೈಯೆಲ್ಲ ಹಂಚಿಹೋದ ತೂಕ. ಅಂದರೆ 'ನಿಧಾನ ಇರುವುದೇ ರಿಯಲಿಸಂ' ಅನ್ನುವ ಯಳಂದೂರಿನ ಪಕ್ಷದ ವಾದ ಇಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಯಾಕೆ ನಿಧಾನ ಅನ್ನಿಸುತ್ತದೆ? ನನ್ನ ಪ್ರಕಾರ ಕಾರಣ ಇರುವುದು ಕತ್ತಿಯಲ್ಲಲ್ಲ, ನಮಗೆ ಸಿಗುವ ಸುಳಿವಿನಲ್ಲಿ. ಹಳೆಯ ಜರ್ಮನ್ ಕತ್ತಿವರಸೆಯ ಪರಂಪರೆಯಲ್ಲಿ 'ಫ್ಯೂಲೆನ್' ಅನ್ನುವ ಮಾತಿದೆ. ಮುಟ್ಟಿ ತಿಳಿಯುವುದು ಅಂತ ಅರ್ಥ. ಎರಡು ಕತ್ತಿಗಳು ಒಂದಕ್ಕೊಂದು ತಾಗಿ ನಿಂತಾಗ, ಎದುರಿನವನು ಬಲ ಹಾಕಿ ಒತ್ತುತ್ತಿದ್ದಾನೋ, ಸಡಿಲ ಬಿಟ್ಟಿದ್ದಾನೋ ಅನ್ನುವುದು ಕೈಗೆ ತಿಳಿಯುತ್ತದೆ. ಕಣ್ಣು ನೋಡಿ ಅರ್ಥ ಮಾಡಿಕೊಳ್ಳುವ ಮೊದಲೇ ಮಣಿಕಟ್ಟು ಉತ್ತರ ಕೊಟ್ಟಿರುತ್ತದೆ. ಕುಸ್ತಿಯಲ್ಲೂ ಇದೇ. ಹಿಡಿತದಲ್ಲಿರುವ ಪೈಲ್ವಾನ್ ಎದುರಾಳಿಯ ತೂಕ ಯಾವ ಕಾಲಿಗೆ ಹೋಯಿತು ಅಂತ ಬಗ್ಗಿ ನೋಡುವುದಿಲ್ಲ. ಅವನ ಹೆಗಲಿಗೆ ಗೊತ್ತಾಗುತ್ತದೆ.

ಮೌಸಿಗೆ ಈ ಗುಣ ಇಲ್ಲ. ಕತ್ತಿ ಕತ್ತಿಗೆ ತಾಗಿದರೂ, ಗಾಳಿಗೆ ಬೀಸಿದರೂ, ನಿಮ್ಮ ಅಂಗೈ ಕೆಳಗಿನ ಪ್ಲಾಸ್ಟಿಕ್ ಒಂದೇ ಥರ ಇರುತ್ತದೆ. ಹಾಗಾಗಿ ಗೇಮ್ ಮಾಡಿದವರು ಕೈಗೆ ಗೊತ್ತಾಗಬೇಕಾದ್ದನ್ನು ಕಣ್ಣಿಗೆ ವರ್ಗಾಯಿಸಿದರು. ಅದೇ ಆ ಹಸಿರು ಗುರಾಣಿ. ಆಮೇಲೆ ಏನಾಯಿತು? ಎದುರಿನವನ ಭುಜ ನೋಡುವುದನ್ನು ಕಲಿತ ಆಟಗಾರ ಸ್ವಲ್ಪ ದಿನದಲ್ಲೇ ಭುಜ ನೋಡುವುದನ್ನು ಬಿಟ್ಟು ಚಿಹ್ನೆ ನೋಡತೊಡಗುತ್ತಾನೆ. 1403ರ ಯುದ್ಧಭೂಮಿಯಲ್ಲಿ ನಿಂತವನು ಟ್ರಾಫಿಕ್ ಸಿಗ್ನಲ್ ಹಸಿರಾಗೋದನ್ನ ಕಾಯ್ತಾ ಇರ್ತಾನೆ.

ಇನ್ನೊಂದು ಕಾರಣ ಶುದ್ಧ ಇಂಜಿನಿಯರಿಂಗ್. 60 ಎಫ್‌ಪಿಎಸ್‌ನಲ್ಲಿ ಒಂದು ಫ್ರೇಮ್ ಸುಮಾರು 16.7 ಮಿಲಿಸೆಕೆಂಡು. ನಮ್ಮ ಹಾಸ್ಟೆಲ್ ಲ್ಯಾಪ್‌ಟಾಪ್‌ಗಳಲ್ಲಿ 25 ಬಂದರೆ ಪುಣ್ಯ; ಆಗ ಒಂದು ಫ್ರೇಮ್ 40 ಮಿಲಿಸೆಕೆಂಡು. ಕಣ್ಣಿಗೆ ಕಂಡ ಸುಳಿವಿಗೆ ಬೆರಳು ಆಡಲು ಮನುಷ್ಯನಿಗೆ ಸುಮಾರು 200ರಿಂದ 250 ಮಿಲಿಸೆಕೆಂಡು ಬೇಕು. ಚಿಹ್ನೆ ಒಂದು ಫ್ರೇಮ್ ತಡವಾಗಿ ಕಂಡಿತು, ಒತ್ತಿದ್ದು ಇನ್ನೊಂದು ಫ್ರೇಮ್ ತಡವಾಗಿ ಎಂಜಿನ್‌ಗೆ ತಲುಪಿತು ಅಂದರೆ 80 ಮಿಲಿಸೆಕೆಂಡು ಅಲ್ಲೇ ಹೋಯಿತು. ಕಣ್ಣಿನ ಟೈಮಿಂಗ್ ಮೇಲೆ ನಿಂತ ಫೈಟ್ ಇಂಥ ಲ್ಯಾಪ್‌ಟಾಪಿನಲ್ಲಿ ಎಮ್ಮೆ ಬಾಲ ಆಗದೆ ಇನ್ನೇನಾಗುತ್ತದೆ? ಕೊಳ್ಳೇಗಾಲದವನಿಗೆ ಆಡಲು ಬರುವುದಿಲ್ಲ ಅನ್ನುವ ಮೊದಲು ಅವನ ಗ್ರಾಫಿಕ್ಸ್ ಕಾರ್ಡ್ ಯಾವುದು ಅಂತ ಕೇಳಬೇಕಿತ್ತು.

ನಾಲ್ಕು ಜನ ಸುತ್ತಿದಾಗ

ಇಷ್ಟಾದರೂ ಒಬ್ಬರಿಗೊಬ್ಬರ ಫೈಟ್ ನಿಭಾಯಿಸಬಹುದು. ಗೇಮ್ ನಿಜಕ್ಕೂ ಸೋಲುವುದು ಕಾಡಿನ ದಾರಿಯಲ್ಲಿ ಮೂರು ನಾಲ್ಕು ಡಕಾಯಿತರು ಒಟ್ಟಿಗೆ ಬಂದಾಗ. ಲಾಕ್ ಒಬ್ಬನ ಮೇಲೆ ಅಂಟಿಕೊಳ್ಳುತ್ತದೆ, ಕ್ಯಾಮೆರಾ ಅವನನ್ನೇ ನೋಡುತ್ತದೆ, ಬೆನ್ನ ಹಿಂದಿನಿಂದ ಇನ್ನೊಬ್ಬ ಬಾರಿಸುತ್ತಾನೆ. ಅವನ ಕಡೆ ತಿರುಗೋಣ ಅಂದರೆ ಲಾಕ್ ಬಿಡಿಸಿ ಮತ್ತೆ ಹಾಕುವಷ್ಟರಲ್ಲಿ ಹೆನ್ರಿಯ ಕಥೆ ಮುಗಿದಿರುತ್ತದೆ.

ಇಲ್ಲಿ ನಮ್ಮ ಸಿನಿಮಾ ನೆನಪಾಗುತ್ತದೆ. ಕೊಳ್ಳೇಗಾಲ ತಾಲ್ಲೂಕಿನ ಸಿಂಗಾನಲ್ಲೂರು ಅಂದರೆ ಡಾ. ರಾಜ್‌ಕುಮಾರ್ ಅವರ ಮನೆತನದ ಊರು. ಹಾಗಾಗಿ ಕತ್ತಿವರಸೆ ಅಂದರೆ ನಮ್ಮ ಕಡೆಯವರ ಕಣ್ಣ ಮುಂದೆ ಮೊದಲು ಬರುವುದು 'ರಣಧೀರ ಕಂಠೀರವ' (1960), 'ಮಯೂರ' (1975). ಅಂಥ ಸಿನಿಮಾ ಫೈಟ್‌ಗಳಲ್ಲಿ ಹತ್ತು ಜನ ಸೈನಿಕರು ಸುತ್ತ ನಿಂತರೂ ನ್ಯಾಯಬೆಲೆ ಅಂಗಡಿ ಕ್ಯೂನಲ್ಲಿ ನಿಂತ ಹಾಗೆ ಒಬ್ಬೊಬ್ಬರಾಗಿ ಬರುತ್ತಾರೆ. 'ನೀ ಹೊಡ್ದಂಗೆ ಮಾಡು, ನಾ ಅತ್ತಂಗೆ ಮಾಡ್ತೀನಿ' ಅನ್ನುವ ಒಪ್ಪಂದ ಅದು. ನಾವು ಅದನ್ನು ಒಪ್ಪಿಕೊಂಡೇ ಶಿಳ್ಳೆ ಹೊಡೆಯುತ್ತೇವೆ. ಎಷ್ಟೋ ಆಕ್ಷನ್ ಗೇಮುಗಳೂ ಇದೇ ಒಪ್ಪಂದದ ಮೇಲೆ ನಡೆಯುತ್ತವೆ, ಅದರಲ್ಲಿ ತಪ್ಪೇನಿಲ್ಲ. ಕಿಂಗ್‌ಡಮ್ ಕಮ್ ಈ ಒಪ್ಪಂದವನ್ನು ಮುರಿಯಿತು. ಡಕಾಯಿತರು ಕ್ಯೂ ನಿಲ್ಲುವುದಿಲ್ಲ. ಆದರೆ ಮುರಿದ ಮೇಲೆ ಅದನ್ನು ಎದುರಿಸಲು ಬೇಕಾದ ಸಾಧನವನ್ನು ಹೆನ್ರಿಗೆ ಕೊಡಲಿಲ್ಲ.

'ನಾಲ್ಕು ಜನ ಬಂದರೆ ಓಡಬೇಕು ಗುರು, ಅದೇ ರಿಯಲಿಸಂ' ಅಂತ ನೀವು ಹೇಳಬಹುದು. ಒಪ್ಪಿದೆ. ಓಡಿ, ಅವರನ್ನು ಒಂದು ಸಾಲಿಗೆ ಎಳೆದು, ಮುಂದೆ ಬಂದವನನ್ನು ಮೊದಲು ಹೊಡೆಯುವುದು ನಿಜ ಜೀವನದಲ್ಲೂ ಸರಿಯಾದ ಉಪಾಯ. ನನ್ನ ತಕರಾರು ಬೇರೆ. ಸೋಲಲಿ, ತೊಂದರೆ ಇಲ್ಲ. ಆದರೆ ಸೋಲಿಗೆ ಕಾರಣ ಸಂಖ್ಯೆ ಆಗಿರಬೇಕು, ಕುರುಡುತನ ಆಗಿರಬಾರದು. ಮನುಷ್ಯನ ಎರಡು ಕಣ್ಣು ಸೇರಿ ಅಡ್ಡಲಾಗಿ 180 ಡಿಗ್ರಿಗೂ ಹೆಚ್ಚು ನೋಡುತ್ತವೆ. ಪರದೆಯಲ್ಲಿ ಕಾಣುವುದು ಅದರ ಅರ್ಧದಷ್ಟು. ಇನ್ನು ಬೆನ್ನ ಹಿಂದಿನದನ್ನು ನಿಜವಾದ ಮನುಷ್ಯ ತಿಳಿಯುವುದು ಕಣ್ಣಿನಿಂದ ಅಲ್ಲವೇ ಅಲ್ಲ.

ಬೀಸು ಕಂಸಾಳೆ ಕಲಿಸುವುದೇನು

ಬೀಸು ಕಂಸಾಳೆಯನ್ನು ಕಾಲೇಜು ಫೆಸ್ಟ್‌ನಲ್ಲೋ, 'ಜನುಮದ ಜೋಡಿ' (1996) ಸಿನಿಮಾದಲ್ಲೋ ಮಾತ್ರ ನೋಡಿದವರಿಗೆ ಸ್ವಲ್ಪ ವಿವರಿಸುತ್ತೇನೆ. ಇದು ಮಲೆ ಮಹದೇಶ್ವರನ ಒಕ್ಕಲಿನ ಕಲೆ. ದೀಕ್ಷೆ ಪಡೆದ ದೇವರಗುಡ್ಡರು ಮಾದಪ್ಪನ ಕಥೆ ಹಾಡುತ್ತ ಕಂಚಿನ ತಾಳಗಳನ್ನು ನುಡಿಸುತ್ತಾರೆ. ಎಡಗೈಯಲ್ಲಿ ಬಟ್ಟಲಿನ ಆಕಾರದ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಬೀಸು ಕಂಸಾಳೆಯಲ್ಲಿ ಆ ಚಪ್ಪಟೆ ತಾಳವನ್ನು ದಾರದ ಹಿಡಿತದಲ್ಲಿ ಗಾಳಿಯಲ್ಲಿ ಬೀಸಿ, ತಲೆಯ ಮೇಲಿಂದ, ಬೆನ್ನ ಹಿಂದಿನಿಂದ, ಕಾಲ ಸಂದಿಯಿಂದ ತಂದು ತನ್ನ ತಾಳಕ್ಕೂ ಪಕ್ಕದವನ ತಾಳಕ್ಕೂ ಬಡಿಯುತ್ತಾರೆ. ನಿಂತು, ಬಗ್ಗಿ, ಕೂತು, ಮಲಗಿ ಕೂಡ.

ಎಂಟು ಹತ್ತು ಜನ ಹತ್ತಿರ ಹತ್ತಿರ ನಿಂತು ಕಂಚು ಬೀಸುತ್ತಿದ್ದಾರೆ. ತಪ್ಪಿದರೆ ಪಕ್ಕದವನ ಮುಖಕ್ಕೆ ಬೀಳುತ್ತದೆ. ಆದರೂ ಯಾರೂ ತಮ್ಮ ಕೈಯನ್ನೇ ನೋಡುತ್ತ ನಿಂತಿರುವುದಿಲ್ಲ, ಜೊತೆಗೆ ಬಾಯಲ್ಲಿ ಹಾಡು ಬೇರೆ. ಹೇಗೆ ಸಾಧ್ಯ? ತಾಳದಿಂದ. ಪಕ್ಕದವನ ಕಂಚು ಈಗ ಎಲ್ಲಿದೆ ಅನ್ನುವುದು ಕಿವಿಗೆ ಗೊತ್ತು, ಮುಂದಿನ ಬಡಿತಕ್ಕೆ ಎಲ್ಲಿರುತ್ತದೆ ಅನ್ನುವುದು ಮೈಗೆ ಗೊತ್ತು. ಸುತ್ತ ನಾಲ್ಕು ಜನ ಇದ್ದಾಗ ಬದುಕುವುದು ಹೇಗೆ ಅನ್ನುವ ಪ್ರಶ್ನೆಗೆ ನಾನು ನೋಡಿದ ಅತ್ಯಂತ ಒಳ್ಳೆ ಉತ್ತರ ಇದೇ.

ವಿಜ್ಞಾನವೂ ಇದರ ಪರವಾಗಿಯೇ ಇದೆ. ಸರಳ ಪ್ರತಿಕ್ರಿಯೆಯ ಪ್ರಯೋಗಗಳಲ್ಲಿ ಮನುಷ್ಯ ಬೆಳಕಿಗಿಂತ ಶಬ್ದಕ್ಕೆ ಬೇಗ ಸ್ಪಂದಿಸುತ್ತಾನೆ. ವ್ಯತ್ಯಾಸ ಕೆಲವು ಹತ್ತು ಮಿಲಿಸೆಕೆಂಡುಗಳದ್ದು. ಅಂದರೆ 25 ಎಫ್‌ಪಿಎಸ್ ಲ್ಯಾಪ್‌ಟಾಪ್ ಕಿತ್ತುಕೊಂಡ ಒಂದು ಫ್ರೇಮನ್ನು ಕಿವಿ ಹೆಚ್ಚೂಕಮ್ಮಿ ವಾಪಸ್ ಕೊಡಬಲ್ಲದು. ಅದಕ್ಕಿಂತ ಮುಖ್ಯವಾದದ್ದು, ಶಬ್ದಕ್ಕೆ ಬೆನ್ನು ಅನ್ನುವುದೇ ಇಲ್ಲ. ಎರಡು ಕಿವಿಗೆ ಶಬ್ದ ಮುಟ್ಟುವ ಸಮಯದಲ್ಲಿ ಒಂದು ಮಿಲಿಸೆಕೆಂಡಿಗೂ ಕಡಿಮೆ ವ್ಯತ್ಯಾಸ ಇದ್ದರೂ ಮಿದುಳು ಎಡ ಯಾವುದು ಬಲ ಯಾವುದು ಅಂತ ಹೇಳುತ್ತದೆ. ಹಿಂದೆ ಮುಂದೆ ಗುರುತಿಸೋಕೆ ಹೊರಕಿವಿಯ ಆಕಾರ ಸಹಾಯ ಮಾಡುತ್ತದೆ. ಇದನ್ನೆಲ್ಲ ಲೆಕ್ಕ ಹಾಕಿ ಸಾಮಾನ್ಯ ಹೆಡ್‌ಫೋನ್‌ನಲ್ಲೇ ದಿಕ್ಕು ಕೇಳಿಸುವ ತಂತ್ರ ಈಗ ಗೇಮ್ ಎಂಜಿನ್‌ಗಳಲ್ಲಿ ಸಿಗುತ್ತದೆ. ಕಿಂಗ್‌ಡಮ್ ಕಮ್‌ನಲ್ಲಿ ಶಬ್ದ ಇಲ್ಲ ಅಂತ ಅಲ್ಲ, ಕತ್ತಿಯ ಸದ್ದು ಸೊಗಸಾಗೇ ಇದೆ. ಆದರೆ ಗೆಲ್ಲೋಕೆ ಅದನ್ನು ಕೇಳಬೇಕಾಗಿಲ್ಲ. ಸೌಂಡ್ ಮ್ಯೂಟ್ ಮಾಡಿ, ಫೋನಲ್ಲಿ ಹಾಡು ಹಾಕಿಕೊಂಡು ಹಸಿರು ಗುರಾಣಿ ನೋಡಿ ಆಡಿದರೂ ನಡೆಯುತ್ತದೆ. ಅಲ್ಲೇ ಅದು ಸೋತಿದೆ.

ಕಾದು ಕೂತವನೇ ಜಾಣ

ಇನ್ನೊಂದು ದೊಡ್ಡ ದೋಷ ಮಾಸ್ಟರ್ ಸ್ಟ್ರೈಕ್‌ನದು. ಅದನ್ನು ಕಲಿತ ದಿನದಿಂದ ಮೊದಲ ಭಾಗದ ಫೈಟ್ ಬೇರೆಯೇ ಆಟ. ನೀವು ಮುಂದೆ ಹೋಗಿ ಹೊಡೆದರೆ ಎದುರಿನವನೂ ಅದೇ ತಿರುಗೇಟು ಕೊಡುತ್ತಾನೆ. ಸುಮ್ಮನೆ ನಿಂತು ಕಾದರೆ ಅವನೇ ಬಂದು ಹೊಡೆಸಿಕೊಳ್ಳುತ್ತಾನೆ. ಐದು ದಿಕ್ಕು, ಕಾಂಬೊ, ಕಾಲ್ಚಳಕ ಎಲ್ಲ ಮೂಲೆ ಸೇರುತ್ತದೆ. ಕಷ್ಟಪಟ್ಟು ಕಲಿತವನಿಗೆ ಸಿಕ್ಕ ಬಹುಮಾನ, ಕಲಿತದ್ದನ್ನೆಲ್ಲ ಮರೆತು ಕಾಯುವ ಅನುಕೂಲ. ಪರೀಕ್ಷೆಯಲ್ಲಿ ಹಳೆ ಪ್ರಶ್ನೆಪತ್ರಿಕೆಗಳೇ ಬರುತ್ತವೆ ಅಂತ ಗೊತ್ತಾದ ಮೇಲೆ ಪುಸ್ತಕ ಯಾರು ಓದುತ್ತಾರೆ? ವ್ಯವಸ್ಥೆ ಯಾವುದಕ್ಕೆ ಮಾರ್ಕ್ಸ್ ಕೊಡುತ್ತದೋ ಜನ ಅದನ್ನೇ ಮಾಡುತ್ತಾರೆ.

ವಾರ್‌ಹಾರ್ಸ್‌ನವರಿಗೂ ಇದು ಅರ್ಥವಾಗಿದೆ ಅನ್ನಿಸುತ್ತದೆ. ಎರಡನೇ ಭಾಗದಲ್ಲಿ ದಿಕ್ಕುಗಳನ್ನು ನಾಲ್ಕಕ್ಕೆ ಇಳಿಸಿದರು. ಮಾಸ್ಟರ್ ಸ್ಟ್ರೈಕ್ ಕತ್ತಿಗೆ ಮಾತ್ರ ಅಂತ ಮಾಡಿದರು, ಅದೂ ಏಟು ಬರುವ ದಿಕ್ಕಿಗೆ ಎದುರು ದಿಕ್ಕನ್ನು ನೀವೇ ಆರಿಸಿಕೊಂಡಾಗ. ಫೈಟ್ ಸಲೀಸಾಯಿತು, ಹೊಸಬರಿಗೂ ಹಿಡಿಸಿತು. ನನಗೂ ಹಿಡಿಸಿತು. ಆದರೆ ಕಣ್ಣಿನ ಮೇಲಿನ ಅವಲಂಬನೆ ಹಾಗೇ ಉಳಿಯಿತು, ಇನ್ನೊಂದು ಮುಖ್ಯ ವಿಷಯವೂ ಉಳಿಯಿತು.

ಅದು ಭಯ. ಮೊದಲ ಗಂಟೆಗಳಲ್ಲಿ ಹೆನ್ರಿ ಕತ್ತಿ ಎಳೆಯುವ ಮೊದಲು ನೀವು ಎರಡು ಸಲ ಯೋಚಿಸುತ್ತೀರಿ. ಗಾಯ ಆದರೆ ರಕ್ತ ಸೋರುತ್ತದೆ, ಪಟ್ಟಿ ಕಟ್ಟಬೇಕು. ಕವಚ ಹರಿದರೆ ರಿಪೇರಿಗೆ ದುಡ್ಡು ಬೇಕು. ಊರಿನಲ್ಲಿ ಜಗಳ ಮಾಡಿದರೆ ಕಾವಲಿನವರು ಹಿಡಿಯುತ್ತಾರೆ, ಜನರ ಕಣ್ಣಲ್ಲಿ ಹೆಸರು ಕೆಡುತ್ತದೆ. ಹಾಗಾಗಿ ಮಾತಾಡಿ ಬಗೆಹರಿಸೋಣ, ಇಲ್ಲದಿದ್ದರೆ ಸುತ್ತಿ ಬಳಸಿ ಹೋಗೋಣ ಅನ್ನಿಸುತ್ತದೆ. ನನ್ನ ಪ್ರಕಾರ ಈ ಗೇಮಿನ ಅತ್ಯಂತ ರಿಯಲಿಸ್ಟಿಕ್ ಅಂಶ ಇದೇ. ನಮ್ಮೂರಿನ ಯಾವ ಜಾತ್ರೆಯ ಜಗಳ ನೋಡಿ, ಹೊಡೆದಾಟ ಎರಡು ನಿಮಿಷ. ಅದರ ಖರ್ಚು ಆಸ್ಪತ್ರೆ, ಠಾಣೆ, ಕೋರ್ಟು ಅಂತ ವರ್ಷಗಟ್ಟಲೆ. ಫೈಟ್ ಎಷ್ಟು ರಿಯಲ್ ಅಂತ ಅಳೆಯೋಕೆ ಹೊಡೆತದ ಅನಿಮೇಷನ್ ನೋಡಬಾರದು, ಹೊಡೆದಾದ ಮೇಲಿನ ಬಿಲ್ ನೋಡಬೇಕು.

ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗ ಇದನ್ನೇ ಒಂದು ನಿಯಮದಲ್ಲಿ ಹೇಳುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಆಯುಧ ತೊಟ್ಟು ಇಳಿಯುತ್ತಾರೆ. ನಮ್ಮ ಚಾಮರಾಜನಗರದ ಜಟ್ಟಿಗಳೂ ಅದರಲ್ಲಿರುತ್ತಾರೆ. ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದರೆ ಮುಗಿಯಿತು. ಕೆಲವೇ ಕ್ಷಣಗಳ ಕಾಳಗ. ಅಲ್ಲಿ ಒಂದು ಹನಿಗೆ ಅಷ್ಟು ಬೆಲೆ. ಹೆನ್ರಿ 60 ಗಂಟೆ ಆಡಿದ ಮೇಲೆ ಅಡಿಯಿಂದ ಮುಡಿಯವರೆಗೆ ಕವಚ ತೊಟ್ಟು, ಮಾಸ್ಟರ್ ಸ್ಟ್ರೈಕ್ ಕಲಿತು, ಐದಾರು ಜನರನ್ನು ಕೊಂದು ಅವರ ಚಡ್ಡಿಯನ್ನೂ ಬಿಡದೆ ಬಿಚ್ಚಿ ಮಾರುತ್ತಾನೆ. ರಕ್ತಕ್ಕೆ ಬೆಲೆಯೇ ಇಲ್ಲ. ರಿಯಲಿಸಂ ಅಂತ ಶುರುವಾದದ್ದು ಮತ್ತೆ ಮಾಮೂಲಿ ಪವರ್ ಫ್ಯಾಂಟಸಿಗೆ ಬಂದು ನಿಲ್ಲುತ್ತದೆ.

ಇದರಿಂದ ನಮಗೇನು?

'ಯಾವುದೋ ದೇಶದ ಗೇಮಿನ ಫೈಟ್ ಬಗ್ಗೆ ಇಷ್ಟು ತಲೆ ಯಾಕೆ ಕೆಡಿಸ್ಕೋತೀಯ' ಅಂತ ಕೇಳಬಹುದು. ಯಾಕೆಂದರೆ ನಮ್ಮ ಕಾಲೇಜಿನಲ್ಲೇ ಪ್ರತಿ ವರ್ಷ ಯಾರಾದರೂ ಫೈನಲ್ ಇಯರ್ ಪ್ರಾಜೆಕ್ಟಿಗೆ ಗೇಮ್ ಮಾಡುತ್ತಾರೆ. ಯೂನಿಟಿ ತೆರೆದ ಕೂಡಲೇ ಮೊದಲು ಮಾಡುವುದು ಅಸೆಟ್ ಸ್ಟೋರ್‌ನಿಂದ ಒಬ್ಬ ನೈಟ್, ಒಂದು ಕೋಟೆ ಇಳಿಸಿಕೊಳ್ಳುವುದು. ಚೆಕ್ ದೇಶದವರು ಮಾಡಿದ್ದು ಇದಲ್ಲ. ಅವರು ತಮ್ಮ ಊರು, ತಮ್ಮ ಕಾಡು, ತಮ್ಮ ಚರಿತ್ರೆಯನ್ನೇ ತೆಗೆದುಕೊಂಡು ಜಗತ್ತೇ ಆಡುವಂಥ ಗೇಮ್ ಮಾಡಿದರು. ಬೊಹೀಮಿಯಾದ ಹಳ್ಳಿ ಆಗುವುದಾದರೆ ನಮ್ಮ ಬಿಳಿಗಿರಿರಂಗನ ಬೆಟ್ಟ, ಎಪ್ಪತ್ತೇಳು ಮಲೆ ಯಾಕಾಗಬಾರದು? ಕಥೆಗೂ ಬರ ಇಲ್ಲ. ಯಳಂದೂರು ತಾಲ್ಲೂಕಿನ ಅಗರದ ಸಂಸರು 'ವಿಗಡ ವಿಕ್ರಮರಾಯ' ಸೇರಿದಂತೆ ಮೈಸೂರು ಅರಸರ ಚರಿತ್ರೆಯ ನಾಟಕಗಳನ್ನು ಬರೆದಿದ್ದಾರೆ. ಅರಮನೆಯ ಒಳಸಂಚು ಬೇಕಾದವರು ಅಲ್ಲಿಗೆ ಹೋಗಬಹುದು.

ಒಂದು ಎಚ್ಚರಿಕೆ ಮಾತ್ರ ಇರಲಿ. ಕಂಸಾಳೆಯನ್ನು ಆಯುಧ ಮಾಡಿ, ದೇವರಗುಡ್ಡರನ್ನು ಒಂದು ಫೈಟರ್ ಕ್ಲಾಸ್ ಮಾಡಿ ಅಂತ ನಾನು ಹೇಳುತ್ತಿಲ್ಲ. ಅದು ಹರಕೆಯ ಕಲೆ, ವ್ರತ ಹಿಡಿದವರ ಕಲೆ. ಅದರ ವೇಷ ಕದ್ದು ಸ್ಕಿನ್ ಮಾಡಿ ಮಾರಿದರೆ ನಮ್ಮೂರಿನ ಹಿರಿಯರ ಮುಂದೆ ತಲೆ ಎತ್ತೋಕಾಗಲ್ಲ. ತೆಗೆದುಕೊಳ್ಳಬೇಕಾದ್ದು ವೇಷವನ್ನಲ್ಲ, ಅದು ಕಲಿಸುವ ವಿಷಯವನ್ನು: ಸುತ್ತ ಇರುವವರನ್ನು ಕಿವಿಯಿಂದ ತಿಳಿಯುವುದು, ತಾಳದಲ್ಲಿ ಮುಂದಿನ ಏಟನ್ನು ಊಹಿಸುವುದು. ಹಾಗೇ, ಕಿವಿ ಕೇಳಿಸದವರೂ ಆಡಬೇಕಲ್ಲ. ಅವರಿಗೆ ಹಸಿರು ಗುರಾಣಿಯನ್ನು ಸೆಟಿಂಗ್ಸ್‌ನಲ್ಲಿ ಒಂದು ಆಯ್ಕೆಯಾಗಿ ಇಟ್ಟರಾಯಿತು.

ಇದನ್ನು ಪರೀಕ್ಷಿಸೋಕೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಡ. ಒಂದು ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್ ಸಾಕು. ಪರದೆ ಪೂರ್ತಿ ಕಪ್ಪು. ಹೆಡ್‌ಫೋನ್‌ನಲ್ಲಿ ನಾಲ್ಕು ಎದುರಾಳಿಗಳ ಹೆಜ್ಜೆ, ಉಸಿರು, ಕತ್ತಿ ಗಾಳಿ ಸೀಳುವ ಸದ್ದು, ಪ್ರತಿಯೊಬ್ಬನಿಗೂ ಅವನದೇ ಲಯ. ಆಡುವವನ ಕೈಯಲ್ಲಿ ನಾಲ್ಕು ಬಾಣದ ಕೀಗಳು. ಯಾವ ದಿಕ್ಕಿನಿಂದ ಏಟು ಬರುತ್ತಿದೆಯೋ ಆ ಕೀ ಒತ್ತಬೇಕು. ಪರದೆಯ ಮೇಲೆ ಚಿಹ್ನೆ ತೋರಿಸುವ ಇನ್ನೊಂದು ಆವೃತ್ತಿ ಮಾಡಿ, ಹಾಸ್ಟೆಲ್‌ನ ಮೂವತ್ತು ಜನರ ಕೈಯಲ್ಲಿ ಎರಡನ್ನೂ ಆಡಿಸಿ, ಎಷ್ಟು ಏಟು ತಡೆದರು, ಎಷ್ಟು ಮಿಲಿಸೆಕೆಂಡಿನಲ್ಲಿ ತಡೆದರು ಅಂತ ಬರೆದಿಟ್ಟುಕೊಳ್ಳಿ. ನನ್ನ ವಾದ ಸುಳ್ಳಾದರೆ ಆ ಅಂಕಿಗಳೇ ಹೇಳುತ್ತವೆ. ನಿಜವಾದರೆ, ನಾಲ್ಕು ಜನರ ನಡುವೆ ನಿಲ್ಲಬಲ್ಲ ಒಂದು ಫೈಟ್ ಸಿಸ್ಟಮ್‌ನ ತಳಪಾಯ ನಮ್ಮ ಕೈಯಲ್ಲಿರುತ್ತದೆ. ಕೋಟೆ, ಕುದುರೆ, ಕವಚಗಳನ್ನು ಆಮೇಲೆ ಕಟ್ಟೋಣ. ಕೋಡ್ ಬರೆಯೋಕೆ ನಾನು ರೆಡಿ. ಸೌಂಡ್ ಗೊತ್ತಿರುವ ಇಸಿ ಬ್ರಾಂಚಿನವರು ಇಬ್ಬರು ಬೇಕು.